ಕಾಯಿಲ್ ಕೊಳ್ಳುವ ಮುಂಚೆ: ಮಿಸ್ಸಿಂಗ್ ಹಿಡಿಯುವ ಹನ್ನೆರಡು ಸೂತ್ರ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟಿದ್ದೆ. ಎಸಿ ಹಾಕಿತ್ತು, ಹಿಂದಿನ ಸೀಟಿನಲ್ಲಿ ಮಾವನವರು ತೂಕಡಿಸುತ್ತಿದ್ದರು. ಸಣ್ಣದೊಂದು ಏರಿನಲ್ಲಿ ಕಾರು ಒಮ್ಮೆ ಜಗ್ಗಿತು. ಯಾರೋ ಹಿಂದಿನಿಂದ ಹಗ್ಗ ಹಿಡಿದೆಳೆದಂತೆ. ಆಮೇಲೆ ಮತ್ತೊಮ್ಮೆ. ಮಾವನವರು ಕಣ್ಣು ಬಿಟ್ಟು, "ಏನ್ರೀ ಅಳಿಯಂದ್ರ, ಎತ್ತು ಮೊಂಡಾಟ ನಡಿಸೇತೇನು?" ಅಂದರು.

ಅಲ್ಲಿಂದ ಶುರುವಾದ ಕಥೆ ಮೂರು ಗ್ಯಾರೇಜು, ನಾಲ್ಕು ಬಿಲ್ಲು ದಾಟಿತು. ಒಬ್ಬರು ಪ್ಲಗ್ ಅಂದರು. ಇನ್ನೊಬ್ಬರು ಪೆಟ್ರೋಲಿನಲ್ಲೇ ದೋಷ ಅಂದರು. ಈಗ ಎಥೆನಾಲ್ ಬೆರೆಸುತ್ತಾರಲ್ಲ, ಯಾವ ರೋಗಕ್ಕೂ ಅದೇ ಕಾರಣ. ಮೂರನೆಯವರು ಇಂಜೆಕ್ಟರ್ ತೊಳೆದರು. ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಸ್ಕ್ಯಾನರ್ ಜೊತೆಗೆ 10 ನಂಬರ್ ಪಾನಾ ಒಂದನ್ನೇ ಹಿಡಿದು, ಹತ್ತು ನಿಮಿಷದ ಕೈಕೆಲಸದಲ್ಲಿ "ಎರಡನೇ ಕಾಯಿಲ್ ಹೋಗೇತಿ ಸಾರ್" ಅಂದ. ಆ ಹತ್ತು ನಿಮಿಷದಲ್ಲಿ ಅವನೇನು ಮಾಡಿದ ಎನ್ನುವುದೇ ಈ ಬರಹದ ತಿರುಳು.

2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಆದರೂ ಹೊಸಪೇಟೆ ಬಿಟ್ಟು ಉಳಿದ ಐದು ತಾಲ್ಲೂಕಿನವರು ಕಾರಿನ ಕಂಪನಿ ಸರ್ವೀಸಿಗೆ ಹೆಚ್ಚಾಗಿ ಹೊಸಪೇಟೆಯನ್ನೋ ದಾವಣಗೆರೆಯನ್ನೋ ನೋಡಬೇಕು. ಅಷ್ಟು ದೂರ ಎಳೆದುಕೊಂಡು ಹೋಗುವ ಮುಂಚೆ ಕಾಯಿಲೆ ಯಾವುದೆಂದು ನಮಗೇ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಮರ್ಯಾದೆಯೂ.

1. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಓದಿ

ತಮಾಷೆಯಲ್ಲ. ನಮ್ಮ ಕಡೆ ಓಡುವ ಬೊಲೆರೊ, ಕ್ರೂಸರ್‌ಗಳು ಡೀಸೆಲ್. ಡೀಸೆಲ್ ಇಂಜಿನ್ನಿಗೆ ಇಗ್ನಿಷನ್ ಕಾಯಿಲ್ಲೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಗಾಳಿಯನ್ನು ಅಮುಕಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಅಲ್ಲಿರುವ ಹೀಟರ್ ಪ್ಲಗ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಮಾತ್ರ. ಡೀಸೆಲ್ ಗಾಡಿ ಜಗ್ಗಿದರೆ "ಕಾಯಿಲ್ ಬದಲಿಸೋಣ" ಅನ್ನುವವರ ಅಂಗಡಿಯಿಂದ ನಮಸ್ಕಾರ ಹೇಳಿ ಬನ್ನಿ. ಮುಂದಿನ ಸೂತ್ರಗಳೆಲ್ಲ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿನವರಿಗೆ.

2. ಕಾಯಿಲ್ ಮಾಡುವ ಕೆಲಸ ಒಂದೇ, ಅದನ್ನು ತಿಳಿದುಕೊಳ್ಳಿ

ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಬೇಕಾಗುವುದು ಸಾವಿರಾರು ವೋಲ್ಟ್. ಕಾಯಿಲ್ 20 ಸಾವಿರದಿಂದ 40 ಸಾವಿರದವರೆಗೂ ಏರಿಸಬಲ್ಲದು. ಒಳಗೆ ಎರಡು ಸುರುಳಿ: ದಪ್ಪ ತಂತಿಯದು ಕೆಲವೇ ನೂರು ಸುತ್ತು, ಕೂದಲೆಳೆಯಂಥ ತಂತಿಯದು ಅದರ ಸುಮಾರು ನೂರು ಪಟ್ಟು. ದಪ್ಪ ಸುರುಳಿಯಲ್ಲಿ ಹರಿಯುವ ಕರೆಂಟನ್ನು ಫಕ್ಕನೆ ನಿಲ್ಲಿಸಿದಾಗ ಸಣ್ಣ ಸುರುಳಿಯಲ್ಲಿ ಹೈ ವೋಲ್ಟೇಜ್ ಚಿಮ್ಮುತ್ತದೆ. ಬೋರ್ ಓಡುತ್ತಿರುವಾಗ ವಾಲ್ವನ್ನು ಒಮ್ಮೆಗೇ ಮುಚ್ಚಿದರೆ ಪೈಪು ಒದೆಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಈ ಒದೆತ ಎಷ್ಟು ಸಲ ಎಂದು ಲೆಕ್ಕ ಹಾಕಿ. ಇಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರಿಗೆ ನಿಮಿಷಕ್ಕೆ 1,250 ಕಿಡಿ. ಅರ್ಧ ಗಂಟೆಯ ದಾರಿಗೆ 37,500. ಅದೂ ಕುದಿಯುವ ಇಂಜಿನ್ನಿನ ನೆತ್ತಿಯ ಮೇಲೆ ಕೂತು. ತಂತಿಯ ಮೇಲಿನ ಲೇಪ, ಸುತ್ತಲೂ ಹೊಯ್ದ ರಾಳ ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ವರ್ಷಗಳ ಮೇಲೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಕರೆಂಟಿಗೆ ಪ್ಲಗ್ಗಿಗಿಂತ ಆ ಬಿರುಕೇ ಹತ್ತಿರದ ದಾರಿ. ಕಾಯಿಲ್ ಸಾಯುವುದು ಹೆಚ್ಚಾಗಿ ಹೀಗೆ. ಆಗ ಆ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತದೆ; ಮಿಸ್ಸಿಂಗ್ ಅನ್ನುವುದು ಇದಕ್ಕೇ.

ಹಳೇ ಕಾರ್ಬುರೇಟರ್ ಮಾರುತಿ 800, ಓಮ್ನಿಗಳಲ್ಲಿ ಇಡೀ ಇಂಜಿನ್ನಿಗೆ ಒಂದೇ ಕಾಯಿಲ್; ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಹಂಚುತ್ತಿತ್ತು. ಈಗಿನ ಬಹುತೇಕ ಕಾರಿನಲ್ಲಿ ಪ್ಲಗ್ಗಿಗೊಂದು ಕಾಯಿಲ್. ಈ ವ್ಯತ್ಯಾಸ ಐದನೇ ಸೂತ್ರದಲ್ಲಿ ಬೇಕಾಗುತ್ತದೆ.

3. ಯಾವಾಗ ಮಿಸ್ ಆಗುತ್ತದೆ ಎಂದು ಬರೆದಿಡಿ

ಗ್ಯಾರೇಜಿಗೆ ಹೋಗಿ "ಗಾಡಿ ಸರಿ ಇಲ್ಲ" ಅಂದರೆ ಅವರೇನು ಮಾಡಬೇಕು? ಡಾಕ್ಟರ ಹತ್ತಿರ "ಮೈ ಸರಿ ಇಲ್ಲ" ಅಂದಷ್ಟೇ ಉಪಯೋಗ. ಒಂದು ವಾರ ಗಮನಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಮೂವತ್ತು ನಲವತ್ತು ಕಿಲೋಮೀಟರ್ ಆದಮೇಲೆ ಜಗ್ಗಿ, ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಸರಿಹೋದರೆ ಕಾಯಿಲ್ ಮೇಲೆ ಅನುಮಾನ ಇಡಬಹುದು. ಏರಿನಲ್ಲಿ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ತಡವರಿಸಿದರೂ ಹಾಗೇ. ಸಿಲಿಂಡರಿನ ಒಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟ್ ಬೇಕು, ಬಡವಾದ ಕಾಯಿಲ್ ಅಲ್ಲೇ ಕೈ ಚೆಲ್ಲುತ್ತದೆ. ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಕಾರಣಿಕಕ್ಕೋ ಹೋಗುವಾಗ ಜನಸಂದಣಿಯಲ್ಲಿ ಎಸಿ ಹಾಕಿಕೊಂಡು ಆಮೆಯಂತೆ ತೆವಳಿದ ಗಾಡಿ ಅಲ್ಲೇ ಮೊದಲ ಸಲ ಕೈಕೊಟ್ಟರೆ ಆಶ್ಚರ್ಯವಿಲ್ಲ.

ಉಳಿದ ಲಕ್ಷಣಗಳು: ನಿಂತಲ್ಲೇ ಸ್ಟಿಯರಿಂಗ್ ನಡುಗುವುದು, ಸೈಲೆನ್ಸರಿನಿಂದ "ಪುಟ್… ಪುಟ್" ಎಂದು ತಾಳ ತಪ್ಪುವುದು, ಹಸಿ ಪೆಟ್ರೋಲ್ ವಾಸನೆ, ಮೈಲೇಜ್ ಇಳಿಯುವುದು. ಮೂರು ಸಿಲಿಂಡರಿನ ಕಾರಿನಲ್ಲಿ ಒಂದು ಸತ್ತರೆ ಮೂರನೇ ಒಂದು ಪಾಲು ಬಲವೇ ಹೋಯಿತು. ನಡುಕ ಹಲ್ಲಿಗೇ ಗೊತ್ತಾಗುತ್ತದೆ.

4. ಮಿನುಗುವ ದೀಪಕ್ಕೆ ಹೆದರಿ

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ "ಬೇಗ ತೋರಿಸಿ" ಎಂದರ್ಥ. ಅದು ಮಿನುಗುತ್ತಿದ್ದರೆ "ಈಗಲೇ ನಿಧಾನಿಸು" ಎಂದು. ಕಿಡಿ ಇಲ್ಲದ ಸಿಲಿಂಡರಿನ ಪೆಟ್ರೋಲ್ ಹಸಿಯಾಗಿಯೇ ಹೊರಬಿದ್ದು, ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಬಿಲ್ಲೆ ಕರಗುವಷ್ಟು ಬಿಸಿ. ಕಾಯಿಲ್ ಬೆಲೆಯ ಎಷ್ಟೋ ಪಟ್ಟು ಆ ಡಬ್ಬಿಯ ಬೆಲೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ಸುಗ್ಗಿಯಲ್ಲಿ ಹುರುಳಿ, ರಾಗಿ, ನವಣೆಯನ್ನು ಡಾಂಬರು ರಸ್ತೆ ಮೇಲೇ ಹರಡಿ, ಹೋಗಿ ಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳುವುದೇ ಕಷ್ಟ. ಹಾಗೆ ಕಾರು ಹೊತ್ತಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಮಿಸ್ಸಿಂಗ್ ಹೊಡೆಯುವ ಕಾರಿನ ಅಡಿ ಮಾಮೂಲಿಗಿಂತ ಹೆಚ್ಚು ಕಾದಿರುತ್ತದೆ. ಒಕ್ಕಣೆ ಕಂಡರೆ ಬಳಸಿ ಹೋಗಿ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

5. ಇಂಜಿನ್ ಪೂರ್ತಿ ಒಮ್ಮೆಗೇ ನಿಂತರೆ ಕಾಯಿಲನ್ನು ಬೈಯಬೇಡಿ

ಪ್ಲಗ್ಗಿಗೊಂದು ಕಾಯಿಲ್ ಇರುವ ಕಾರಿನಲ್ಲಿ ನಾಲ್ಕೂ ಒಟ್ಟಿಗೆ ಸಾಯುವುದು ಅಪರೂಪ. ಓಡುತ್ತಿದ್ದ ಗಾಡಿ ತಟ್ಟನೆ ಆರಿ, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪ್, ರಿಲೇ, ಫ್ಯೂಸ್ ಇವುಗಳನ್ನು ಮೊದಲು ನೋಡಿಸಿ. ಒಂದೇ ಕಾಯಿಲ್ಲಿನ ಹಳೇ ಗಾಡಿಯಾದರೆ ಮಾತು ಬೇರೆ. ಅಲ್ಲಿ ಕಾಯಿಲ್ ಹೋದರೆ ಎಲ್ಲವೂ ಹೋದಂತೆ.

6. ಸ್ಕ್ಯಾನ್ ಹಾಕಿಸಿ, ಆದರೆ ಕೋಡನ್ನು ನೀವೇ ಬರೆದುಕೊಳ್ಳಿ

2013ರ ಏಪ್ರಿಲ್‌ನಿಂದ ಈಚಿನ ಬಹುತೇಕ ಕಾರುಗಳಲ್ಲಿ ಮಿಸ್‌ಫೈರನ್ನು ಇಂಜಿನ್ನಿನ ಕಂಪ್ಯೂಟರೇ ಗುರುತಿಸಿ ಬರೆದಿಡುತ್ತದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಬರುತ್ತದೆ. ಮೊಬೈಲಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸಾಧನವೂ ಸಾಕು. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೆಯದು, ಹೀಗೇ ಮುಂದೆ. ಪಿ0300 ಅಂದರೆ ಅಲ್ಲೊಂದು ಇಲ್ಲೊಂದು. ಪಿ0351ರಿಂದ ಪಿ0354ರವರೆಗೆ ಬಂದರೆ ಕಾಯಿಲ್ಲಿನ ಸರ್ಕೀಟಿನಲ್ಲೇ ತೊಂದರೆ.

ಇಲ್ಲೇ ಜನ ಮೋಸ ಹೋಗುವುದು. ಪಿ0302 ಬಂದ ತಕ್ಷಣ "ಎರಡನೇ ಕಾಯಿಲ್ ಹೋಯ್ತು" ಅನ್ನುತ್ತಾರೆ. ಕೋಡ್ ಹಾಗೆ ಹೇಳುವುದೇ ಇಲ್ಲ. ಎರಡನೇ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಅನ್ನುತ್ತದೆ, ಅಷ್ಟೇ. ಬೆಂಕಿಕಡ್ಡಿ ಇಲ್ಲವೋ, ಸೌದೆ ಹಸಿಯೋ, ಗಾಳಿ ಬರುತ್ತಿಲ್ಲವೋ ನೀವು ನೋಡಬೇಕು. ಪಿ0352 ಬಂದರೂ ಕಾಯಿಲ್ಲಿಗೆ ಹೋಗುವ ವೈರು ತುಂಡಾಗಿರಬಹುದು. ಮೆಕ್ಕೆಜೋಳದ ರಾಶಿ ಪಕ್ಕ ನಿಲ್ಲಿಸುವ ಕಾರಾದರೆ ಇಲಿಯ ಹಲ್ಲಿನ ಗುರುತನ್ನು ಮೊದಲು ಹುಡುಕಿ.

ಕೋಡನ್ನು ಬರೆದುಕೊಳ್ಳುವ ಮುಂಚೆ ಅಳಿಸಲು ಬಿಡಬೇಡಿ. ಅಳಿಸಿದರೆ ಸಾಕ್ಷಿಯೇ ಹೋಯಿತು.

7. ಅದಲು ಬದಲು ಮಾಡಿ

ಇದೇ ಆ ಹುಡುಗ ಮಾಡಿದ್ದು. ಈ ಬರಹದಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇಂಜಿನ್ ಆಫ್ ಮಾಡಿ, ಕೀ ತೆಗೆದು, ಮುಟ್ಟುವಷ್ಟು ತಣ್ಣಗಾಗಲು ಬಿಟ್ಟ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಸಾಲಾಗಿ ನಾಲ್ಕು ಕಾಯಿಲ್. ಸ್ಕ್ಯಾನಿನಲ್ಲಿ ಬಂದಿದ್ದ ಕೋಡ್ ಪಿ0302, ಹಾಗಾಗಿ ಎರಡನೆಯದರ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ. ಕನೆಕ್ಟರಿನ ಲಾಕನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಹಿಂದಕ್ಕೆ ಜಾರಿಸಿದ. ಬಿಸಿಗೆ ಬೆಂದ ಆ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯಿತೆಂದೇ ಲೆಕ್ಕ. 10 ನಂಬರ್ ಪಾನಾದಿಂದ ಬೋಲ್ಟ್ ಬಿಚ್ಚಿದ. ಕಾಯಿಲನ್ನು ಅತ್ತಿತ್ತ ತುಸು ತಿರುಗಿಸಿ, ನೆಟ್ಟಗೆ ಮೇಲೆಳೆದ. ಕೆಳಗಿನ ಉದ್ದನೆಯ ರಬ್ಬರ್ ಬೂಟು ಪ್ಲಗ್ಗನ್ನು ಬಿಟ್ಟು ಬರುವಾಗ "ಚಪ್" ಎಂದಿತು. ಅದನ್ನು ಮೂರನೇ ಸಿಲಿಂಡರಿಗೂ, ಅಲ್ಲಿನದನ್ನು ಎರಡನೆಯದಕ್ಕೂ ಕೂರಿಸಿದ. ಕೋಡ್ ಅಳಿಸಿದ. "ಈಗ ಒಂದ್ ರೌಂಡ್ ಹೋಗಿ ಬರೂಣ್ರೀ ಸಾರ್, ಎಸಿ ಹಾಕ್ಕೊಂಡು" ಅಂದ.

ಊರ ಹೊರಗೆ ಹೋಗಿ ಬರುವಷ್ಟರಲ್ಲಿ ದೀಪ ಹತ್ತಿತು. ಸ್ಕ್ಯಾನರಿನಲ್ಲಿ ಈಗ ಪಿ0302 ಇಲ್ಲ, ಪಿ0303. ಕಾಯಿಲ್ ಜೊತೆಗೆ ರೋಗವೂ ಮೂರನೇ ಮನೆಗೆ ಹೋಗಿತ್ತು. ಇನ್ನೇನು ವಿಚಾರಣೆ ಬೇಕು?

ಒಂದು ವೇಳೆ ಪಿ0302 ಅಲ್ಲೇ ಉಳಿದಿದ್ದರೆ ಕಾಯಿಲ್ ನಿರ್ದೋಷಿ. ಆಗ ಪ್ಲಗ್ಗನ್ನು ಹೀಗೇ ಅದಲು ಬದಲು ಮಾಡಿ ನೋಡಬೇಕು. ಅದೂ ಅಲ್ಲದಿದ್ದರೆ ವೈರು, ಇಂಜೆಕ್ಟರು, ಕೊನೆಗೆ ಕಂಪ್ರೆಷನ್. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಕಾಯಿಲ್ಲೂ ಪ್ಲಗ್ಗೂ ಒಟ್ಟಿಗೆ ಎತ್ತಿ ಹಾಕಿದರೆ ಯಾರು ಕಳ್ಳ ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಒಂದನೇ ಸಿಲಿಂಡರ್ ಸಾಮಾನ್ಯವಾಗಿ ಬೆಲ್ಟು ಅಥವಾ ಟೈಮಿಂಗ್ ಚೈನು ಇರುವ ಕಡೆಯದು. ಅನುಮಾನವಿದ್ದರೆ ಗಾಡಿಯ ಪುಸ್ತಕ ನೋಡಿ, ಅಂದಾಜಿನಲ್ಲಿ ಎಣಿಸಬೇಡಿ. ಬಿಸಿಯಾದಾಗ ಮಾತ್ರ ಮಿಸ್ ಆಗುವ ಗಾಡಿಯನ್ನು ಬಿಸಿ ಮಾಡಿಯೇ ಪರೀಕ್ಷಿಸಬೇಕು. ಬೆಳಗಿನ ತಂಪಿನಲ್ಲಿ ಪರೀಕ್ಷಿಸಿ "ಕಾಯಿಲ್ಲಿಗೆ ಏನೂ ಆಗಿಲ್ಲ" ಅಂದವರೇ ನನ್ನ ಮೊದಲ ಗ್ಯಾರೇಜಿನವರು.

8. ಪ್ಲಗ್ಗಿನ ಮುಖ ನೋಡಿ

ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಅಲ್ಲಿ ಬೆಂಕಿ ಹತ್ತಿಲ್ಲ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಜಿಡ್ಡು ಮಸಿಯಾದರೆ ಇಂಜಿನ್ ಆಯಿಲ್ ಒಳಗೆ ಬರುತ್ತಿದೆ. ತಿಳಿ ಕಂದು ಬಣ್ಣವಾದರೆ ಚೆನ್ನಾಗಿದೆ.

ಸವೆದ ಪ್ಲಗ್ಗೇ ಒಳ್ಳೆ ಕಾಯಿಲನ್ನು ಕೊಲ್ಲುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ಲಗ್ಗಿನ ಸಂದು ಗಾಡಿಗೆ ತಕ್ಕಂತೆ 0.8ರಿಂದ 1.1 ಮಿಲಿಮೀಟರಿನ ಆಸುಪಾಸು. ಸವೆದು ಅಗಲವಾದಷ್ಟೂ ಕಿಡಿ ದೂರ ಹಾರಬೇಕು, ಕಾಯಿಲ್ ಹೆಚ್ಚು ವೋಲ್ಟ್ ಕಕ್ಕಬೇಕು. ಸಿಎನ್‌ಜಿಯಲ್ಲಿ ಓಡಿಸುವವರಿಗೆ ಇದು ಇನ್ನೂ ಮುಖ್ಯ: ಆ ಅನಿಲ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಅದಕ್ಕೇ ಪೆಟ್ರೋಲಿನಲ್ಲಿ ಸುಮ್ಮನಿದ್ದ ಮಿಸ್ಸಿಂಗ್ ಸಿಎನ್‌ಜಿಗೆ ಬದಲಿಸಿದ ಕೂಡಲೇ ಹೊರಬೀಳುತ್ತದೆ. ಹೊಸ ಕಾಯಿಲ್ ಹಾಕಿ ಹಳೇ ಪ್ಲಗ್ ಬಿಡುವುದು, ಹೊಸ ಎತ್ತಿಗೆ ಮುರುಕು ನೊಗ ಹೂಡಿದಂತೆ.

9. ಪ್ಲಗ್ಗಿನ ಬಾವಿಗೆ ಟಾರ್ಚ್ ಬಿಡಿ

ಕಾಯಿಲ್ ತೆಗೆದ ಮೇಲೆ ಕಾಣುವ ಆಳದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ. ಎಣ್ಣೆ ಕುಡಿದ ರಬ್ಬರ್ ಬೂಟು ಉಬ್ಬಿ, ಮೆತ್ತಗಾಗಿ, ಕರೆಂಟನ್ನು ಪಕ್ಕದ ಲೋಹಕ್ಕೆ ಬಿಡುತ್ತದೆ. ಪ್ಯಾಕಿಂಗ್ ಬದಲಿಸದೆ ಕಾಯಿಲ್ ಹಾಕಿದರೆ ಮುಂದಿನ ವರ್ಷ ಮತ್ತೆ ಇದೇ ಕಥೆ.

ನೀರು ನಿಂತಿದ್ದರೆ? ಆಯುಧಪೂಜೆ ಯಾವಾಗ ಆಯಿತು ಎಂದು ನೆನಪಿಸಿಕೊಳ್ಳಿ. ಹಬ್ಬದ ಹಿಂದಿನ ದಿನ ಬಾನೆಟ್ ಎತ್ತಿ, ಪ್ರೆಷರ್ ನೀರು ಹೊಡೆದು, ಇಂಜಿನ್ ಫಳಫಳ ಹೊಳೆಸಿ, ಹಡಗಲಿ ಮಲ್ಲಿಗೆ ಹಾರ ಹಾಕಿ, ನಿಂಬೆಹಣ್ಣು ತುಳಿಸಿದ ಮೇಲೆ ಮಾರನೇ ದಿನ ಗಾಡಿ ಮಿಸ್ಸಿಂಗ್. ದೃಷ್ಟಿಯೂ ಅಲ್ಲ, ಮಾಟವೂ ಅಲ್ಲ, ಬಾವಿಗೆ ನೀರು ಇಳಿದಿದೆ. ಕಾಯಿಲ್ ತೆಗೆದು, ಗಾಳಿ ಹೊಡೆದು, ಒಣಗಿಸಿ ಕೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬೂಟಿನ ಮೇಲೋ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೋ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಇದ್ದರೆ ಕರೆಂಟು ಆ ದಾರಿ ಹಿಡಿದಾಗಿದೆ. ಒರೆಸಿದರೆ ಸಾಲದು, ಬದಲಿಸಬೇಕು.

10. ಮೀಟರನ್ನು ನಂಬಿ, ಪೂರ್ತಿ ನಂಬಬೇಡಿ

ಎರಡು ಪಿನ್ನಿನ ಕಾಯಿಲ್ ಆದರೆ ಮಲ್ಟಿಮೀಟರಿನಲ್ಲಿ ಓಮ್ ನೋಡಬಹುದು. ದಪ್ಪ ಸುರುಳಿ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ 1 ಓಮ್‌ನ ಒಳಗೆ ಅಥವಾ ಆಸುಪಾಸು, ಕಾಂಟ್ಯಾಕ್ಟ್ ಪಾಯಿಂಟ್ ಇದ್ದ ಕಾಲದ ಹಳೇ ಕಾಯಿಲ್‌ಗಳಲ್ಲಿ 3ರ ಹತ್ತಿರ. ಸಣ್ಣ ಸುರುಳಿ ಸಾವಿರಾರು ಓಮ್. ಖಚಿತ ಅಂಕಿ ಗಾಡಿಯ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಮೂರು ನಾಲ್ಕು ಪಿನ್ನಿನ ಕಾಯಿಲ್‌ಗಳಲ್ಲಿ ಎಲೆಕ್ಟ್ರಾನಿಕ್ ಭಾಗವೂ ಒಳಗೇ ಸೇರಿರುವುದರಿಂದ ಈ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ತೊಡಕು, ತಣ್ಣಗಿದ್ದಾಗ ಮೀಟರಿನಲ್ಲಿ ಪಾಸಾದ ಕಾಯಿಲ್ ಬಿಸಿಯಲ್ಲಿ ಫೇಲಾಗಬಹುದು. ಮೀಟರ್ ಕೆಟ್ಟದ್ದು ಅಂದರೆ ಕೆಟ್ಟದ್ದೇ, ಒಳ್ಳೆಯದು ಅಂದರೆ ಇನ್ನೂ ಅನುಮಾನವಿರಲಿ.

11. ಕೈಯಲ್ಲಿ ಹಿಡಿದು ಕರೆಂಟ್ ನೋಡಬೇಡಿ

ಪ್ಲಗ್ಗನ್ನು ಬೂಟಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು, "ಸೆಲ್ಫ್ ಹೊಡಿ" ಎಂದು ಕೂಗುವ ದೃಶ್ಯ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದು ಮಾರುತಿ 800 ಕಾಲದ ಧೈರ್ಯ. ಈಗಿನ ಕಾಯಿಲ್ ಹೊಡೆದರೆ ಕೈ ಬಾನೆಟ್ಟಿಗೆ ಬಡಿದು ಗಾಯವಾದೀತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಓಡುತ್ತಿರುವ ಇಂಜಿನ್ನಿನ ಕಾಯಿಲ್ ಹತ್ತಿರವೇ ಬಾಗಬಾರದು. ಕರೆಂಟಿಗೆ ದಾರಿ ಸಿಗದೆ ಕಾಯಿಲ್ಲೋ ಇಂಜಿನ್ ಕಂಪ್ಯೂಟರೋ ಸುಟ್ಟು ಹೋಗುವ ಅಪಾಯವೂ ಇದೆ. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಪಕ್ಕದಲ್ಲೇ ಕಿಡಿ ಹಾರಿಸುವುದು ಎಂಥ ಜಾಣತನ, ನೀವೇ ಹೇಳಿ. ಸ್ಪಾರ್ಕ್ ಟೆಸ್ಟರ್ ಎಂಬ ಸಣ್ಣ ಸಾಮಾನು ಸಿಗುತ್ತದೆ, ಅದನ್ನು ಬಳಸಲು ಹೇಳಿ.

ವೈರು ಎಳೆದಿರುವ ಹಳೇ ಗಾಡಿಗೆ ಮಾತ್ರ ಒಂದು ಚಂದದ ಪರೀಕ್ಷೆ ಇದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಇಂಜಿನ್ ಓಡಿಸಿ, ದೂರದಿಂದ ನೋಡಿ. ಲೀಕ್ ಇದ್ದಲ್ಲಿ ನೀಲಿ ಮಿಂಚುಹುಳ ಹರಿದಾಡುತ್ತದೆ.

12. ಕೊಳ್ಳುವಾಗ ಪಾರ್ಟ್ ನಂಬರ್ ಹಿಡಿದು ಕೊಳ್ಳಿ

"ಇದೇ ಗಾಡೀದು, ಕೂಡ್ತೈತಿ" ಎಂಬ ಮಾತಿಗೆ ಮರುಳಾಗಬೇಡಿ. ಕೂರುವುದೇ ಬೇರೆ, ಕೆಲಸ ಮಾಡುವುದೇ ಬೇರೆ. ಹಳೇ ಕಾಯಿಲ್ ಮೇಲಿನ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ, ಬಿಲ್ ಕೇಳಿ, ಬದಲಿಸಿದ ಹಳೆಯದನ್ನು ನಿಮ್ಮ ಕೈಗೇ ತೆಗೆದುಕೊಳ್ಳಿ. ನಕಲಿ ಕಾಯಿಲ್ ಅರ್ಧ ಬೆಲೆಗೆ ಸಿಗುತ್ತದೆ. ಬೇಸಿಗೆಗೆ ಮುಂಚೆಯೇ ಕೈಕೊಟ್ಟರೂ ಕೇಳುವವರಿಲ್ಲ.

ಒಂದು ಹೋದರೆ ನಾಲ್ಕನ್ನೂ ಬದಲಿಸಬೇಕೇ? ನನ್ನ ಉತ್ತರ, ಬೇಡ. ಹೋದದ್ದನ್ನು ಬದಲಿಸಿ, ಪ್ಲಗ್ ಹಳೆಯದಾಗಿದ್ದರೆ ಅವುಗಳನ್ನು ಒಟ್ಟಿಗೆ ಹಾಕಿಸಿ. ಗಾಡಿ ಲಕ್ಷ ಕಿಲೋಮೀಟರ್ ದಾಟಿದ್ದು, ದೂರದೂರಿಗೆ ಬಾಡಿಗೆ ಹೊಡೆಯುವವರಾದರೆ ಒಂದು ಹೊಸ ಕಾಯಿಲ್ಲನ್ನೂ 10 ನಂಬರ್ ಪಾನಾವನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಉಜ್ಜಿನಿಯಿಂದ ಉಚ್ಚಂಗಿದುರ್ಗಕ್ಕೆ ಜನ ಕೂರಿಸಿಕೊಂಡು ಹೊರಟವರು ನಡುದಾರಿಯಲ್ಲಿ ನಿಂತರೆ ಫೋನಿಗೆ ಸಿಗ್ನಲ್ ಸಿಕ್ಕರೂ ಪಾರ್ಟ್ ಸಿಗುವುದಿಲ್ಲ.

ನನ್ನ ಲೆಕ್ಕ ಇಷ್ಟು. ಪ್ಲಗ್, ಪೆಟ್ರೋಲ್ ಫಿಲ್ಟರ್, ಇಂಜೆಕ್ಟರ್ ತೊಳೆಸಿದ್ದು, ಥ್ರಾಟಲ್ ತೊಳೆಸಿದ್ದು ಸೇರಿ ನಾಲ್ಕು ಬಿಲ್ಲಿಗೆ ಒಂಬತ್ತು ಸಾವಿರದ ಚಿಲ್ಲರೆ. ಕೊನೆಗೆ ಹಾಕಿಸಿದ ಕಾಯಿಲ್ಲಿಗೆ ಎರಡು ಸಾವಿರಕ್ಕೂ ಕಡಿಮೆ. ಹುಡುಗ ಕೂಲಿ ಕೇಳಿದ್ದು ನೂರೈವತ್ತು ರೂಪಾಯಿ. ಉಳಿದ ಮೂರು ಹಳೇ ಕಾಯಿಲ್‌ಗಳು ಇವತ್ತಿಗೂ ಓಡುತ್ತಿವೆ.